ಪೊಟರೆಯ ಜೇಡ ಮತ್ತು ಅದರ ವಿಳಾಸ



ಹಳೆಯ ಮರದ ಪೊಟರೆಯಲ್ಲಿ ಅಂಗೈಯಗಲದ ಜೇಡ ಕಂಡೊಡನೆ ಮಲೆನಾಡಿಗರ ಕೈ ಕತ್ತಿಯನ್ನೋ ಕೊಳ್ಳಿಯನ್ನೋ ಹುಡುಕುವುದುಂಟು. ಆ ಜೇಡ ಪಿಸಿಲೋಥೀರಿಯಾ ಕುಲದ್ದಾಗಿದ್ದರೆ, ಭಾರತ ಮತ್ತು ಶ್ರೀಲಂಕಾಗಳ ಹೊರಗೆ ಅದಕ್ಕೆ ಸಹಜ ನೆಲೆಯೇ ಇಲ್ಲ.

ಕುಲಕ್ಕೆ ಈ ಹೆಸರಿತ್ತವರು ಫ್ರಾನ್ಸಿನ ಯೂಜೀನ್ ಸಿಮೋನ್, 1885ರಲ್ಲಿ. ಗ್ರೀಕ್ ಮೂಲದ ಈ ಪದಕ್ಕೆ ಚಿತ್ತಾರದ ಮೃಗವೆಂದು ಅರ್ಥ. ಇಂದು ಇದರಲ್ಲಿ ಸುಮಾರು ಹದಿನೈದು ಪ್ರಭೇದಗಳಿವೆ. ಬೆನ್ನಿನ ಬೂದುಗಂದು ಚಿತ್ತಾರ ತೊಗಟೆಯಲ್ಲಿ ಕರಗಿಹೋಗುವಂಥದು. ಹಲವು ಪ್ರಭೇದಗಳಲ್ಲಿ ಅದು ಹೆಚ್ಚುಕಡಿಮೆ ಒಂದೇ ತೆರನಾಗಿರುವುದರಿಂದ ವರ್ಗೀಕರಣಕ್ಕೆ ಅಷ್ಟಾಗಿ ಒದಗದು. ವ್ಯತ್ಯಾಸ ಕಾಣುವುದು ಕಾಲುಗಳ ಅಡಿಭಾಗದ ಪಟ್ಟಿಗಳಲ್ಲಿ. ಕೆಣಕಿದಾಗ ಜೇಡ ಮುಂಗಾಲೆತ್ತಿ ಆ ಪಟ್ಟಿಗಳನ್ನೇ ತೋರಿಸುತ್ತದೆ. ಹೆದರಿಸಲು ಹೋಗಿ ತನ್ನ ಗುರುತನ್ನು ತಾನೇ ಬಿಟ್ಟುಕೊಡುತ್ತದೆ, ಪಾಪ!

ಪಶ್ಚಿಮಘಟ್ಟದ ಸ್ಟ್ರಯೇಟಾ ಪ್ರಭೇದವನ್ನು ರೆಜಿನಾಲ್ಡ್ ಪೋಕಾಕ್ 1895ರಲ್ಲಿ ವರ್ಣಿಸಿದರು. ಇಂಗ್ಲಿಷಿನಲ್ಲಿ ಅದಕ್ಕೆ ಮೈಸೂರಿನ ಹೆಸರೇ ಇದೆ. ರೆಗಾಲಿಸ್ ಎರಡೂ ಘಟ್ಟಗಳಲ್ಲಿ ಹರಡಿದೆ. ರುಫಿಲಾಟಾ ದಕ್ಷಿಣದ ತೇವದ ಬೆಟ್ಟಗಳಿಗೆ ಸೀಮಿತ.

ಎಲ್ಲಕ್ಕಿಂತ ವಿಚಾರಾರ್ಹವಾದುದು ನೀಲಿ ಬಣ್ಣದ ಮೆಟಾಲಿಕಾ. ಆಂಧ್ರದ ಗುತ್ತಿಯಲ್ಲಿ, ರೈಲ್ವೆಯ ಮರದ ದಾಸ್ತಾನಿನಲ್ಲಿ ಸಿಕ್ಕ ಒಂದೇ ಮಾದರಿಯಿಂದ ಪೋಕಾಕ್ 1899ರಲ್ಲಿ ಅದನ್ನು ವರ್ಣಿಸಿದರು. ಅನಂತರ ನೂರು ವರ್ಷ ಅದರ ಸುಳಿವಿಲ್ಲ. 2001ರಲ್ಲಿ ಅದು ಮತ್ತೆ ಕಂಡದ್ದು ಗುತ್ತಿಯಿಂದ ದೂರದ ನಂದ್ಯಾಲ–ಗಿದ್ದಲೂರು ನಡುವಣ ಕಾಡಿನಲ್ಲಿ. ಮೊದಲ ಜೇಡ ದಿಮ್ಮಿಗಳೊಡನೆ ರೈಲಿನಲ್ಲಿ ಗುತ್ತಿಗೆ ಬಂದಿಳಿದಿರಬೇಕೆಂಬುದು ವಿದ್ವಾಂಸರ ಊಹೆ. ಅಂದರೆ ಗ್ರಂಥದಲ್ಲಿ ದಾಖಲಾದುದು ಜೇಡದ ಊರಲ್ಲ, ಕಡಿದ ಮರ ತಲುಪಿದ ಊರು. ನಿಜವಾದ ನೆಲೆ ನೂರು ಚದರ ಕಿಲೋಮೀಟರಿಗಿಂತ ಕಿರಿದೆಂದು ಕಂಡು, 2008ರಲ್ಲಿ ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪುಪಟ್ಟಿಗೆ ಸೇರಿಸಲಾಯಿತು.

ಸಾಕುವ ಶೋಕಿಗಾಗಿ ವಿದೇಶಗಳಲ್ಲಿ ಈ ಜೇಡಗಳಿಗೆ ಬೇಡಿಕೆಯಿದೆ. 2019ರಲ್ಲಿ ಇಡೀ ಕುಲವನ್ನು ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಿದ್ದು ಒಳ್ಳೆಯದೇ. ಆದರೆ ಆ ಒಪ್ಪಂದ ಗಡಿ ದಾಟುವ ಪೆಟ್ಟಿಗೆಯನ್ನು ತಡೆಯಬಲ್ಲದೇ ಹೊರತು ಪೊಟರೆಯ ಮರಕ್ಕೆ ಬೀಳುವ ಕೊಡಲಿಯನ್ನಲ್ಲ. ಸೊಪ್ಪಿನಬೆಟ್ಟಗಳಲ್ಲಿ ಟೊಳ್ಳು ಮರವನ್ನು ನಿರುಪಯೋಗಿ ಎಂದು ಮೊದಲು ಕಡಿಯುವ ರೂಢಿ ಬಿಡಬೇಕಾಗಿದೆ. ಎಳೆಯ ನೆಡುತೋಪಿನಲ್ಲಿ ಪೊಟರೆ ಹುಟ್ಟಲು ತಲೆಮಾರುಗಳೇ ಬೇಕು.

ಜೇಡ ಕಂಡವರು ಕೈಹಾಕಬಾರದು. ಕಚ್ಚಿದರೆ ತೀವ್ರ ನೋವು, ದಿನಗಟ್ಟಲೆ ಸ್ನಾಯುಸೆಳೆತ ಬರಬಹುದು. ದೂರದಿಂದಲೇ ಚಿತ್ರ ತೆಗೆದು, ಮರದ ಜಾತಿ, ಪೊಟರೆಯ ಎತ್ತರ ಮತ್ತು ದಿನಾಂಕವನ್ನು ಬರೆದಿಡಿರಿ. ಊರಿನ ಹೆಸರನ್ನು ಮಾತ್ರ ವ್ಯಾಪಾರಿಗಳ ಕಿವಿಗೆ ಬೀಳದಂತೆ, ಅಧ್ಯಯನ ಮಾಡುವವರಿಗಷ್ಟೇ ತಿಳಿಸಿರಿ.