ಆತಂಕ, ಖಿನ್ನತೆ ಜೋಡಿಯಾಗಿ ಬಂದಾಗ
(ರೈತರ ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳೆಗೆ ರೋಗ ಬಂದರೆ ಎಲೆ ಕಿತ್ತು ತಂದು ತೋರಿಸುತ್ತೀರಿ. ಮನಸ್ಸಿನ ರೋಗವನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ನಿದ್ದೆ ಬಾರದೆ, ಎದೆ ಡವಗುಟ್ಟಿ, ಏನೋ ಆಗಿಬಿಡುತ್ತದೆಂಬ ದಿಗಿಲು ಬಿಡದೆ ಕಾಡಿದರೆ ಅದು ಆತಂಕ. ಯಾವುದರಲ್ಲೂ ಆಸಕ್ತಿಯಿಲ್ಲದೆ, ತಾನು ಯಾವ ಕೆಲಸಕ್ಕೂ ಬಾರದವನೆಂದು ಅನಿಸುತ್ತಿದ್ದರೆ ಅದು ಖಿನ್ನತೆ. ಇವೆರಡೂ ಒಬ್ಬರಲ್ಲೇ ಕೂಡಿ ಬರುವುದು ಬಹಳ ಸಾಮಾನ್ಯ.

ಸೊಸೈಟಿ ಸಾಲದ ಕಂತು ತಪ್ಪಿದ ರೈತನೊಬ್ಬನಿದ್ದಾನೆ ಎಂದಿಟ್ಟುಕೊಳ್ಳಿ. ಎಲ್ಲರೆದುರು ಮಾನ ಹೋಗುತ್ತದೆಂದು ಹೆದರಿ ಸೊಸೈಟಿಯ ಕಡೆ ಹೋಗುವುದನ್ನೇ ಬಿಡುತ್ತಾನೆ. ಹೋಗದಿದ್ದ ದಿನ ದಿಗಿಲು ತುಸು ಇಳಿಯುತ್ತದೆ, ಆದ್ದರಿಂದ ಮರುದಿನವೂ ಹೋಗುವುದಿಲ್ಲ. ಬರಬರುತ್ತಾ ಸಂತೆ, ಮದುವೆ, ಕೊನೆಗೆ ಹೊಲವೂ ತಪ್ಪುತ್ತದೆ. ಮನೆಯ ಮೂಲೆ ಹಿಡಿದವನಿಗೆ 'ನನ್ನಿಂದ ಏನೂ ಆಗದು' ಎನಿಸದೆ ಇನ್ನೇನು ಎನಿಸೀತು?

1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡಾ. ಆರನ್ ಬೆಕ್ ಆಲೋಚನೆಯನ್ನು ತಿದ್ದುವ ಚಿಕಿತ್ಸೆಯೊಂದನ್ನು ರೂಪಿಸಿದರು. ಅದಕ್ಕೆ ನಡವಳಿಕೆ ತಿದ್ದುವ ವಿಧಾನಗಳೂ ಸೇರಿ ಅರಿವು-ವರ್ತನಾ ಚಿಕಿತ್ಸೆ ಬೆಳೆಯಿತು. ಇದು ಉಪದೇಶವಲ್ಲ. 'ಧೈರ್ಯವಾಗಿರಪ್ಪಾ' ಎಂದು ಹೇಳಿಸಿಕೊಂಡು ಸಾಕಾದವರೇ ಹೆಚ್ಚು!

ಚಿಕಿತ್ಸಕರು ಮೊದಲು ಆ ಹೆದರಿಕೆಯ ಮಾತನ್ನು ಬರೆಯಿಸುತ್ತಾರೆ. ಹಾಗೇ ಆಗುತ್ತದೆನ್ನಲು ಆಧಾರವೇನು? ನೆರೆಯವನಿಗೆ ಹೀಗಾಗಿದ್ದರೆ ನೀವೇನು ಹೇಳುತ್ತಿದ್ದಿರಿ? ಆಮೇಲೆ ಪ್ರಯೋಗ. ಮೊದಲ ವಾರ ಸೊಸೈಟಿಯ ಬಾಗಿಲವರೆಗೆ ಹೋಗಿಬರುವುದು, ಮುಂದಿನ ವಾರ ಒಳಗೆ ಹೋಗಿ ಬಾಕಿ ಎಷ್ಟೆಂದು ಕೇಳುವುದು. ಏನಾದೀತೆಂದು ಮೊದಲೇ ಬರೆದಿಟ್ಟು, ಆದದ್ದನ್ನು ಪಕ್ಕದಲ್ಲಿ ಬರೆಯಬೇಕು. ನಮ್ಮ ಪ್ರಾತ್ಯಕ್ಷಿಕೆ ತಾಕಿನಂತೆಯೇ, ನೋಡಿ. ಜೊತೆಗೆ ದಿನಕ್ಕೊಂದು ಗೊತ್ತುಮಾಡಿಕೊಂಡ ಸಣ್ಣ ಕೆಲಸ. ಮನಸ್ಸು ಬರಲೆಂದು ಕಾಯಬಾರದು, ಮಾಡತೊಡಗಿದ ಮೇಲೆ ಬರುತ್ತದೆ.

ಇದರಿಂದ ಸಾಲ ತೀರುವುದಿಲ್ಲ, ಮಳೆಯೂ ಬರುವುದಿಲ್ಲ. ಆದರೆ ಕಂತು ಮುಂದೂಡಿರೆಂದು ಕೇಳುವಷ್ಟು ಚೇತನ ಮರಳುತ್ತದೆ.

ಗೋವಾದ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ಖಿನ್ನತೆಯುಳ್ಳವರನ್ನು 6ರಿಂದ 8 ಬಾರಿ ಕಂಡು, ಚಟುವಟಿಕೆಗೆ ಮರಳಿಸುವ ಈ ಭಾಗವನ್ನು ನಡೆಸಿದರು. ಗುಣ ಕಂಡಿತೆಂಬ ವರದಿ 2017ರಲ್ಲಿ ಪ್ರಕಟವಾಗಿದೆ. ಕಾರ್ಯಕರ್ತ ಮಿತ್ರರು ಇದನ್ನು ಗಮನಿಸಬೇಕು. ತರಬೇತಿಯಿಲ್ಲದೆ ಮಾತ್ರ ಕೈಹಾಕಬೇಡಿ.

ರೋಗ ತೀವ್ರವಾಗಿದ್ದರೆ ಔಷಧಿಯೂ ಬೇಕಾಗುತ್ತದೆ. ಸಾಯುವ ಮಾತಾಡುವವರನ್ನು ಒಂಟಿಯಾಗಿ ಬಿಡಬೇಡಿ. ಕೀಟನಾಶಕದ ಡಬ್ಬಿಗಳನ್ನು ಅವರ ಕೈಗೆ ಸಿಗದಂತೆ ಬೇರೆಡೆಗೆ ಸಾಗಿಸಿ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಿ.