ಫಸಲಿನ ಮೇಲಣ ಮುಂಗಡ

ನಮ್ಮ ಹಿರೇಕೊಡಿಗೆಯ ಕಡೆಯ ಅಡಕೆ ಬೆಳೆಗಾರರಿಗೆ ಮಂಡಿಯ ಮುಂಗಡವನ್ನು ವಿವರಿಸಬೇಕಾಗಿಲ್ಲ. ಹಣ ಮೊದಲು ಕೈಸೇರುತ್ತದೆ. ಕೊನೆ ಕೊಯ್ಲಾದ ಮೇಲೆ ಅಡಕೆ ಮಂಡಿಗೆ ಸಲ್ಲುತ್ತದೆ.

ಆಫ್ರಿಕದ ಅಂಗೋಲವೂ ಇಂಥ ಮುಂಗಡವನ್ನೇ ಪಡೆಯಿತು. 1975ರಲ್ಲಿ ಪೋರ್ಚುಗೀಸರಿಂದ ಬಿಡುಗಡೆ ಹೊಂದಿದ ಆ ನಾಡು 2002ರವರೆಗೆ ಅಂತರ್ಯುದ್ಧದಲ್ಲಿ ಬೆಂದಿತು. ಚೀನಾ 2003ರಲ್ಲಿ ಪೋರ್ಚುಗೀಸ್ ನುಡಿಯ ನಾಡುಗಳೊಡನೆ ವ್ಯಾಪಾರಕ್ಕಾಗಿ ಮಕಾವಿನಲ್ಲಿ ಒಂದು ವೇದಿಕೆ ಕಟ್ಟಿತು. ಮರುವರ್ಷ ಅಂಗೋಲಕ್ಕೆ 200 ಕೋಟಿ ಡಾಲರ್ ಸಾಲವಿತ್ತಿತು. ತೀರಿಸಬೇಕಾದುದು ಕಲ್ಲೆಣ್ಣೆಯಿಂದ. ರಸ್ತೆ, ಶಾಲೆ, ಆಸ್ಪತ್ರೆಗಳು ಎದ್ದುವು, ಸಾಲವೂ ಬೆಳೆಯಿತು. 2014ರಲ್ಲಿ ಎಣ್ಣೆಯ ಧಾರಣೆ ಕುಸಿದಾಗ ಅದೇ ಕಂತಿಗೆ ಹೆಚ್ಚು ಪೀಪಾಯಿ ಎಣ್ಣೆ ಸುರಿಯಬೇಕಾಯಿತು.

ಕಟ್ಟಿದ ರಸ್ತೆ ಸುಳ್ಳಲ್ಲ. ಆದರೂ ಧಾರಣೆ ಬಿದ್ದ ವರ್ಷದ ನಷ್ಟ ಯಾರ ಪಾಲಿಗೆಂಬುದನ್ನು ಮುಂಗಡ ಪಡೆಯುವ ದಿನವೇ ಗೊತ್ತುಮಾಡಿಕೊಳ್ಳುವುದು ತೋಟಕ್ಕೂ ದೇಶಕ್ಕೂ ಲೇಸು.