ಸಿರಿ ದಿಕ್ಕು ಬದಲಿಸಿದಾಗ

ಲಕ್ಷ್ಮಿ ಚಂಚಲೆ ಎಂಬುದು ನಮ್ಮಲ್ಲಿ ಹಳೆಯ ಮಾತು. ಒಂದು ಮನೆತನದ ಏಳುಬೀಳುಗಳನ್ನು ಕಂಡಾಗ ಈ ಮಾತನ್ನು ಆಡುತ್ತೇವೆ. ಆದರೆ ಆಕೆ ಸೀಮೆಯಿಂದ ಸೀಮೆಗೂ ಸಾಗುತ್ತಾಳೆ. ಆಗ ನೆರೆಹೊರೆಯವರ ನಡುವಣ ಮಾತು, ಮರ್ಯಾದೆ, ಸಂಬಂಧ ಎಲ್ಲವೂ ಹೇಗೆ ಪಲ್ಲಟವಾಗುತ್ತವೆ ಎಂಬುದಕ್ಕೆ ಯೂರೋಪ್ ಖಂಡದಲ್ಲಿ ನಿದರ್ಶನಗಳು ಹಲವು. ಅವುಗಳಲ್ಲಿ ನನ್ನನ್ನು ಬಹುವಾಗಿ ಯೋಚನೆಗೆ ಹಚ್ಚಿರುವುದು ಬೆಲ್ಜಿಯಂ ಎಂಬ ಪುಟ್ಟ ದೇಶದ ಕಥೆ.

1830ರಲ್ಲಿ ಸ್ವತಂತ್ರವಾದ ಈ ದೇಶದ ಉತ್ತರ ಭಾಗ ಫ್ಲಾಂಡರ್ಸ್. ಅಲ್ಲಿಯ ಜನರ ನುಡಿ ಡಚ್. ದಕ್ಷಿಣ ಭಾಗ ವಾಲೋನಿಯ; ಅಲ್ಲಿಯ ನುಡಿ ಫ್ರೆಂಚ್. ದಕ್ಷಿಣದ ನೆಲದಡಿ ಕಲ್ಲಿದ್ದಲಿತ್ತು. ಬ್ರಿಟನ್ನಿನ ಬೆನ್ನಿಗೇ, ಯೂರೋಪಿನ ಒಳನಾಡಿನಲ್ಲಿ ಎಲ್ಲರಿಗಿಂತ ಮೊದಲು ಯಂತ್ರೋದ್ಯಮ ಬೇರೂರಿದ್ದು ಇಲ್ಲಿಯ ಲಿಯೆಜ್, ಶಾರ್ಲೆರುವಾ ಪಟ್ಟಣಗಳ ಸುತ್ತ. ಕಬ್ಬಿಣ, ಉಕ್ಕು, ಗಾಜು, ರೈಲುಹಳಿ ಎಲ್ಲವೂ ಅಲ್ಲಿ ತಯಾರಾಗುತ್ತಿದ್ದವು.

ಉತ್ತರದವರ ಪಾಡು ಬೇರೆ. ಅವರು ಮನೆಮನೆಯಲ್ಲಿ ನೂತು ನೇಯುತ್ತಿದ್ದ ಲಿನನ್ ಬಟ್ಟೆ ಯಂತ್ರದ ಬಟ್ಟೆಯೆದುರು ಸೋತಿತು. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗಲಿತು. ಹಸಿವು, ಅದರ ಹಿಂದೆಯೇ ಜ್ವರ. ಫ್ಲಾಂಡರ್ಸ್‌ನ ಬಡವರು ದಕ್ಷಿಣದ ಗಣಿಗಳಿಗೆ, ಫ್ರಾನ್ಸಿನ ಹೊಲಗಳಿಗೆ ಗುಳೆ ಹೋದರು. ಹೋದಲ್ಲಿ ಅವರು ಅಗ್ಗದ ಕೂಲಿಗಳು. ಅವರ ನುಡಿಗೂ ಅದೇ ಬೆಲೆ ಬಂತು. ಸರ್ಕಾರದ ಭಾಷೆ ಫ್ರೆಂಚ್, ವಿದ್ಯೆಯ ಭಾಷೆ ಫ್ರೆಂಚ್. ಡಚ್ ಎಂದರೆ ಹೊಲದಲ್ಲಿ, ಒಲೆಯ ಮುಂದೆ ಆಡತಕ್ಕದ್ದು. ಕಾನೂನುಗಳ ಪಠ್ಯದಲ್ಲಿ ಡಚ್ ನುಡಿಗೆ ಫ್ರೆಂಚಿನೊಡನೆ ಸಮಾನ ಸ್ಥಾನ ದೊರೆಯಲು 1898ರವರೆಗೆ ಕಾಯಬೇಕಾಯಿತು. ಫ್ಲಾಂಡರ್ಸ್‌ನೊಳಗೇ ಇರುವ ಘೆಂಟ್ ವಿಶ್ವವಿದ್ಯಾಲಯ ಡಚ್ ಭಾಷೆಯದಾದದ್ದು 1930ರಲ್ಲಿ.

ಎರಡನೆಯ ಮಹಾಯುದ್ಧದ ತರುವಾಯ ಕಾಲಚಕ್ರ ತಿರುಗಿತು. ಕಲ್ಲಿದ್ದಲನ್ನು ಹೆಚ್ಚುಹೆಚ್ಚು ಆಳದಿಂದ ತೆಗೆಯಬೇಕಾಗಿ ಬಂದು ವೆಚ್ಚ ಏರಿತು. ಗಣಿಗಿಳಿಯಲು ಸ್ಥಳೀಯರು ಒಲ್ಲದಾದಾಗ, 1946ರಲ್ಲಿ ಇಟಲಿಯೊಡನೆ ಒಂದು ಒಪ್ಪಂದವಾಯಿತು: ಇಟಲಿ ಆಳುಗಳನ್ನು ಕಳಿಸಬೇಕು, ಬೆಲ್ಜಿಯಂ ಕಲ್ಲಿದ್ದಲು ಕೊಡಬೇಕು. ಹೀಗೆ ಖಂಡದ ಇನ್ನೊಂದು ಬಡತನ ಬಂದು ಈ ಗಣಿಗಳಿಗಿಳಿಯಿತು. 1956ರ ಆಗಸ್ಟ್ 8ರಂದು ಮಾರ್ಸಿನೆಲ್ ಎಂಬಲ್ಲಿ ಗಣಿಗೆ ಬೆಂಕಿ ಬಿದ್ದು 262 ಜನ ಸತ್ತರು. ಅವರಲ್ಲಿ 136 ಮಂದಿ ಇಟಲಿಯವರು. ಮುಂದೆ ಪೆಟ್ರೋಲಿಯಂ ಎಣ್ಣೆಯೂ ಅಗ್ಗದ ವಿದೇಶಿ ಕಲ್ಲಿದ್ದಲೂ ಬಂದು ಗಣಿಗಳು ಒಂದೊಂದಾಗಿ ಮುಚ್ಚಿದವು. ವಾಲೋನಿಯದ ಕಟ್ಟಕಡೆಯ ಗಣಿ ಮುಚ್ಚಿದ್ದು 1984ರಲ್ಲಿ.

ಅತ್ತ ಉತ್ತರದವರಿಗೆ ಸಮುದ್ರವಿತ್ತು. ಅದಿರೂ ಎಣ್ಣೆಯೂ ಹಡಗಿನಲ್ಲಿ ಬರತೊಡಗಿದ ಮೇಲೆ ಹೊಸ ಕಾರ್ಖಾನೆಗಳು ಆಂಟ್‌ವರ್ಪ್, ಘೆಂಟ್ ಬಂದರುಗಳ ಬಳಿ ಎದ್ದವು. 1960ರ ದಶಕದಲ್ಲಿ ಫ್ಲಾಂಡರ್ಸ್ ಆದಾಯದಲ್ಲಿ ವಾಲೋನಿಯವನ್ನು ಹಿಂದೆ ಹಾಕಿತು. ನೂರು ವರ್ಷ ಕೂಲಿಗೆ ಬಂದವರು ಈಗ ಧಣಿಗಳು.

ಸಿರಿಯೊಡನೆ ಸಮಾಧಾನ ಬರಲಿಲ್ಲ. 1968ರ ಭಾಷಾಕಲಹದಲ್ಲಿ, ಐದು ಶತಮಾನಗಳ ಹಿರಿಮೆಯ ಲ್ಯೂವೆನ್ ವಿಶ್ವವಿದ್ಯಾಲಯ ಒಡೆಯಿತು. ಮುಂದೆ ಅದರ ಪುಸ್ತಕಭಂಡಾರವನ್ನೂ ಪಾಲುಮಾಡಿದರು. ಬೆಸಸಂಖ್ಯೆಯ ಪುಸ್ತಕಗಳು ಒಬ್ಬರಿಗೆ, ಸಮಸಂಖ್ಯೆಯವು ಇನ್ನೊಬ್ಬರಿಗೆ! ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಪಾತ್ರೆಪಗಡಗಳನ್ನು ಹಂಚಿದ್ದನ್ನು ಕೇಳಿದ್ದೇವೆ. ಓದುವವನ ಅಗತ್ಯವನ್ನು ಎಣಿಸದೆ ವಿದ್ಯೆಯನ್ನು ಹೀಗೆ ಹಂಚಿದ್ದನ್ನು ನಾನಂತೂ ಬೇರೆಡೆ ಕೇಳಿಲ್ಲ. ದೇಶವೂ ಹಂತಹಂತವಾಗಿ ಸಡಿಲಗೊಂಡು 1993ರಲ್ಲಿ ಸಂಯುಕ್ತ ರಾಜ್ಯವಾಯಿತು.

ಸಾಮಾಜಿಕ ಭದ್ರತೆಯ ನಿಧಿ ಮಾತ್ರ ಬಹುಪಾಲು ಇಡೀ ದೇಶಕ್ಕೆ ಒಂದೇ ಆಗಿ ಉಳಿದಿದೆ. ನಿರುದ್ಯೋಗಿಗೆ, ರೋಗಿಗೆ, ವೃದ್ಧರಿಗೆ ಅದರಿಂದ ನೆರವು. ಆ ಮೂಲಕ ಉತ್ತರದ ಹಣ ದಕ್ಷಿಣಕ್ಕೆ ಹರಿಯುತ್ತದೆ. ದುಡಿಯುವವರು ನಾವು, ಉಣ್ಣುವವರು ಅವರು ಎಂಬ ದೂರು ಫ್ಲಾಂಡರ್ಸ್‌ನಲ್ಲಿ ಇಂದಿಗೂ ಕೇಳಿಬರುತ್ತದೆ. ನಿಮ್ಮ ಅಜ್ಜಂದಿರಿಗೆ ಅನ್ನ ಕೊಟ್ಟದ್ದು ನಮ್ಮ ಗಣಿ ಎಂದು ದಕ್ಷಿಣದವರು ಹೇಳಬಹುದು. ಅದು ಪೂರ್ತಿ ನಿಜವಲ್ಲ: ಗಣಿ ಕೊಟ್ಟದ್ದು ಕೂಲಿ, ಅದೂ ಕಡಿಮೆ ಕೂಲಿ, ಅದು ದಾನವಾಗಿರಲಿಲ್ಲ. ಆದರೆ ಉತ್ತರದವರ ದೂರಿನಲ್ಲಿ ಇದಕ್ಕಿಂತ ದೊಡ್ಡ ತಪ್ಪೆಣಿಕೆ ಇದೆ ಎಂದು ನನಗೆ ತೋರುತ್ತದೆ. ಭೂಮಿಯೊಳಗಿನ ಕಲ್ಲಿದ್ದಲನ್ನಾಗಲಿ ಹಡಗು ತೇಲಿಸುವ ಸಮುದ್ರವನ್ನಾಗಲಿ ಯಾರೂ ದುಡಿದು ಗಳಿಸಲಿಲ್ಲ. ದುಡಿಮೆ ಎರಡು ಕಡೆಯೂ ಇತ್ತು. ಆಯಾ ಕಾಲದ ಬೇಡಿಕೆ ಒಂದು ಕಡೆಯ ದುಡಿಮೆಗೆ ಬೆಲೆ ಕಟ್ಟಿತು, ಇನ್ನೊಂದು ಕಡೆಯದನ್ನು ಕೈಬಿಟ್ಟಿತು. ಅಗೆಯುವುದನ್ನು ಬಿಟ್ಟು ಬೇರೆ ಕಸುಬು ಕಲಿಯದ ಐವತ್ತರ ಗಣಿಗಾರನನ್ನು ಸೋಮಾರಿ ಎನ್ನುವುದು ಸುಲಭ. ಒಂದು ಕಾಲಕ್ಕೆ ಫ್ಲಾಂಡರ್ಸ್‌ನ ನೇಕಾರನನ್ನು ಮಂದಮತಿ ಎಂದವರಿಗೂ ಅದು ಅಷ್ಟೇ ಸುಲಭವಾಗಿತ್ತು.

ಈ ಮಾತು ಬೆಲ್ಜಿಯಂಗಷ್ಟೇ ಸೀಮಿತವಲ್ಲ. 2010ರಲ್ಲಿ ಗ್ರೀಸ್ ಸಾಲದಲ್ಲಿ ಮುಳುಗಿದಾಗ ಉತ್ತರ ಯೂರೋಪಿನ ಪತ್ರಿಕೆಗಳಲ್ಲಿ ಗ್ರೀಕರ ಸೋಮಾರಿತನದ ಮಾತೇ ಮಾತು. 1973ರಲ್ಲಿ ಯೂರೋಪಿನ ಆರ್ಥಿಕ ಸಮುದಾಯವನ್ನು ಸೇರಿದಾಗ ಐರ್ಲೆಂಡ್ ಅದರ ಬಡ ಸದಸ್ಯರಲ್ಲೊಂದು. ತಲೆಮಾರುಗಳ ಕಾಲ ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ ಆ ನಾಡಿಗೆ ಇಂದು ಹೊರಗಿನವರು ಕೆಲಸ ಅರಸಿ ಬರುತ್ತಾರೆ.

ಫ್ಲಾಂಡರ್ಸ್‌ನ ಸಿರಿಯೂ ಶಾಶ್ವತದ ಪಟ್ಟ ಕಟ್ಟಿಸಿಕೊಂಡು ಬಂದದ್ದಲ್ಲ. 1960ರ ದಶಕದಲ್ಲಿ ಹೆಂಕ್ ಪಟ್ಟಣದಲ್ಲಿ ತೆರೆದ ಫೋರ್ಡ್ ಮೋಟಾರು ಕಾರ್ಖಾನೆ 2014ರಲ್ಲಿ ಬಾಗಿಲು ಮುಚ್ಚಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಆ ದಿನ ಅವರ ನೆರವಿಗೆ ಇದ್ದದ್ದು, ಉತ್ತರ ದಕ್ಷಿಣಗಳ ಭೇದವೆಣಿಸದ ಅದೇ ಸಾಮಾಜಿಕ ಭದ್ರತೆಯ ನಿಧಿ.